ಪೆಡಿಗ್ರಿಯಲ್ಲಿ ‘ನಾರ್ದರ್ನ್ ಡ್ಯಾನ್ಸರ್ 4×5’ ಅಂತಿದೆ: ಈ ಹೆಣ್ಣು ಕುದುರೆ ಮರಿ ತೆಗೆಯೋಕೆ ಆಗುತ್ತಾ?

ಎಡೆಯೂರು ರಸ್ತೆ
ಎಲ್ರಿಗೂ ನಮಸ್ಕಾರ. ಕುಣಿಗಲ್ ಹತ್ರ ರೇಸ್ ಬಿಟ್ಟ ಥರೋಬ್ರೆಡ್ (ರೇಸ್ ತಳಿ) ಹೆಣ್ಣು ಕುದುರೆ ಮಾರಾಟಕ್ಕಿದೆ, 6 ವರ್ಷ. ಮಾರೋರು ಕೊಟ್ಟಿರೋದು ಅವರೇ ಟೈಪ್ ಮಾಡಿಸಿದ ಒಂದು ಹಾಳೆ. ಅದರಲ್ಲಿರೋದು: ಅಪ್ಪ ಐರ್ಲೆಂಡಿನಿಂದ ತಂದ ಸೈರ್ (ಮರಿಗಾಗಿ ಇಟ್ಟ ಗಂಡು ಕುದುರೆ), ಗೆಲಿಲಿಯೋ ಮಗ, ಬಣ್ಣ ಚೆಸ್ಟ್‌ನಟ್ (ಮೈ, ಕಾಲು, ಜೂಲಲ್ಲಿ ಕಪ್ಪಿಲ್ಲದ ಕೆಂಗಂದು). ತಾಯಿ ಇಲ್ಲೇ ಹುಟ್ಟಿದ್ದು, ಡೇನ್‌ಹಿಲ್‌ನ ಮೊಮ್ಮಗಳು, ಚೆಸ್ಟ್‌ನಟ್. ಕುದುರೆ ಬೇ (ಕಂದು ಮೈ, ಕಪ್ಪು ಕಾಲು-ಜೂಲು), ಹಣೆಯಲ್ಲಿ ಸಣ್ಣ ಚುಕ್ಕೆ. 11 ಓಟ, 1 ಗೆಲುವು, 1200 ಮೀಟರ್. ‘ಗ್ರೇಡ್ 1 ವಿನ್ನರ್‌ಗೆ (ಅತಿ ಮೇಲಿನ ದರ್ಜೆಯ ರೇಸ್ ಗೆದ್ದದ್ದಕ್ಕೆ) ಹಾಫ್ ಸಿಸ್ಟರ್’ ಅಂತ ದಪ್ಪಕ್ಷರದಲ್ಲಿದೆ. ಕೊನೇಲಿ ‘ನಾರ್ದರ್ನ್ ಡ್ಯಾನ್ಸರ್ 4×5’.

ಈ 4×5 ಒಳ್ಳೇದಾ, ಕೆಟ್ಟದ್ದಾ? ಮುಂದೆ ಯಾವ ರಕ್ತದ ಸೈರ್‌ಗೆ ಕೊಡಿಸ್ಬೇಕು? ಇನ್ನೇನು ಕೇಳ್ಬೇಕು?

ಲಾಯದ ಹುಡುಗ
ಗೆಲಿಲಿಯೋ ಮೇಲೆ ಡೇನ್‌ಹಿಲ್ ಅಂದ್ರೆ ಫ್ರಾಂಕಲ್ ಕ್ರಾಸ್ ಅಣ್ಣ! ಕಣ್ಮುಚ್ಕೊಂಡು ತಗೊಳ್ಳಿ.

ಬಾಟಮ್ ಲೈನ್
ಕಣ್ಣು ಮುಚ್ಚೋದಲ್ಲ ತಮ್ಮ, ತೆರೆದು ಪೆಡಿಗ್ರಿಯ ಕೆಳಗಿನ ಸಾಲು, ಅಂದ್ರೆ ತಾಯಿಗೆರೆ ಓದ್ಬೇಕು. ಫ್ರಾಂಕಲ್ ಅಪ್ಪ ಗೆಲಿಲಿಯೋ, ತಾಯಿ ಕೈಂಡ್, ಅವಳಪ್ಪ ಡೇನ್‌ಹಿಲ್. 14 ಓಡಿ 14 ಗೆದ್ದದ್ದೂ ನಿಜ. ಆದ್ರೆ ಕೈಂಡ್ ತಾನೇ ಲಿಸ್ಟೆಡ್ ರೇಸ್ (ಗ್ರೇಡ್ ರೇಸ್‌ಗಳ ಕೆಳಗಿನ ದರ್ಜೆ) ಗೆದ್ದವಳು. ಅವಳ ತಾಯಿ ರೇನ್‌ಬೋ ಲೇಕ್ ಲ್ಯಾಂಕಾಷೈರ್ ಓಕ್ಸ್ ಗೆದ್ದವಳು, ಪವರ್ಸ್‌ಕೋರ್ಟ್‌ನಂಥ ಕುದುರೆ ಹೆತ್ತವಳು. ಆ ತಾಯಿಗಳನ್ನ ಬಿಟ್ಟು ಗಂಡು ಹೆಸರು ಎರಡನ್ನ ಮಾತ್ರ ಇಟ್ಕೊಂಡ್ರೆ ಏನೂ ಉಳಿಯಲ್ಲ.

‘ನಿಕ್’ ಅಂತ ಹೇಳೋ ಈ ಜೋಡಿ ಲೆಕ್ಕದಲ್ಲಿ ದೊಡ್ಡ ದೋಷ ಇದು: ಗೆಲಿಲಿಯೋ ಹತ್ರ ಹೋಗ್ತಿದ್ದ ಡೇನ್‌ಹಿಲ್ ಹೆಣ್ಣುಮಕ್ಕಳು ಯುರೋಪಿನ ಅತ್ಯುತ್ತಮ ತಾಯಿಗಳು. ಒಳ್ಳೇ ತಾಯಿಗೆ ಒಳ್ಳೇ ಮರಿ ಹುಟ್ಟಿದ್ದನ್ನ ಜೋಡಿಯ ಮಹಿಮೆ ಅಂತ ಬರೆದ್ಕೊಂಡ್ರು. ಅದೇ ತಾಯಿಗಳನ್ನ ಬೇರೆ ಸೈರ್‌ಗೆ ಕೊಟ್ಟಾಗ ಏನಾಯ್ತು ಅಂತ ಪಕ್ಕದಲ್ಲಿ ಇಡದೆ ನಿಕ್ ಬಗ್ಗೆ ಮಾತೇ ಆಡಬಾರದು.

ಚಿಂತಾಮಣಿ ಲೆಕ್ಕ
4×5 ಅಂದ್ರೆ: ಅಪ್ಪನ ಕಡೆ ನಾಲ್ಕನೇ ತಲೆಮಾರಲ್ಲಿ ಒಂದ್ಸಲ, ತಾಯಿ ಕಡೆ ಐದನೇ ತಲೆಮಾರಲ್ಲಿ ಒಂದ್ಸಲ ನಾರ್ದರ್ನ್ ಡ್ಯಾನ್ಸರ್ ಬರ್ತಾನೆ. ಹಾಳೆಗೆ ಇದು ತಾಳೆ ಆಗುತ್ತಾ ನೋಡೋಣ. ಅಪ್ಪ (1), ಗೆಲಿಲಿಯೋ (2), ಸ್ಯಾಡ್ಲರ್ಸ್ ವೆಲ್ಸ್ (3), ನಾರ್ದರ್ನ್ ಡ್ಯಾನ್ಸರ್ (4). ತಾಯಿ (1), ಅವಳಪ್ಪ (2), ಡೇನ್‌ಹಿಲ್ (3), ಡ್ಯಾನ್ಜಿಗ್ (4), ನಾರ್ದರ್ನ್ ಡ್ಯಾನ್ಸರ್ (5). ಸರಿಯಾಗಿದೆ.

ಒಳಸಂಬಂಧ ಎಷ್ಟು ಅಂತ ತಿಳಿಯೋಕೆ ಎರಡು ಅಂಕಿ ಕೂಡಿಸಿ 1 ಕಳೀರಿ, ಅಷ್ಟು ಸಲ ಅರ್ಧ ಮಾಡ್ತಾ ಹೋಗಿ. 4+5-1 = 8 ಸಲ, ಅಂದ್ರೆ 256ರಲ್ಲಿ 1, ಶೇ 0.39. ಫ್ರಾಂಕಲ್‌ದು 3×4, ಶೇ 1.56. 3×3 ಆದ್ರೆ ಶೇ 3.1. 2×3 ಆದ್ರೆ ಶೇ 6.25. ಇದು ಆ ಒಬ್ಬ ಪೂರ್ವಜನಿಂದ ಬರೋದು ಮಾತ್ರ. ಆ ಪೂರ್ವಜನೇ ಒಳಸಂಬಂಧದ ಮರಿಯಾಗಿದ್ರೆ ಇನ್ನೂ ಸ್ವಲ್ಪ ಸೇರಿಸ್ಬೇಕು.

0.39ಕ್ಕೆ ಹೆದರೋದೂ ಬೇಡ, ಕುಣಿಯೋದೂ ಬೇಡ. ಈ ಕಾಲದ ಥರೋಬ್ರೆಡ್‌ನಲ್ಲಿ ನಾರ್ದರ್ನ್ ಡ್ಯಾನ್ಸರ್ ಇಲ್ಲದ ಪುಟ ಹುಡುಕೋದೇ ಕಷ್ಟ.

ಬಾಟಮ್ ಲೈನ್
ಲೆಕ್ಕ ಸರಿ ಸಾರ್, ಒಂದು ಬಿಟ್ಟಿದೀರಿ. ಡೇನ್‌ಹಿಲ್ ತಾನೇ ನಟಾಲ್ಮಾಗೆ 3×3. ಡ್ಯಾನ್ಜಿಗ್‌ನ ಅಪ್ಪ ನಾರ್ದರ್ನ್ ಡ್ಯಾನ್ಸರ್‌ಗೆ ತಾಯಿ ನಟಾಲ್ಮಾ. ಡೇನ್‌ಹಿಲ್ ತಾಯಿ ರಜ್ಯಾನಾ, ಅವಳ ತಾಯಿ ಸ್ಪ್ರಿಂಗ್ ಅಡ್ಯೂ, ಅವಳ ತಾಯೀನೂ ನಟಾಲ್ಮಾ. ಹಾಗಾಗಿ ಈ ಕುದುರೆಯಲ್ಲಿ ನಟಾಲ್ಮಾ ಬೇರೆ ದಾರಿಯಿಂದ 5×6 ಆಗಿ ಬರ್ತಾಳೆ.

ಚಿಂತಾಮಣಿ ಲೆಕ್ಕ
ಹೌದು, ಅದು 1024ರಲ್ಲಿ 1, ಇನ್ನೊಂದು ಶೇ 0.1. ಐದು ತಲೆಮಾರಿನ ಚೌಕದಲ್ಲಿ 62 ಹೆಸರು ಇರ್ತವೆ, ಆರನೇದು ಅದರ ಆಚೆ. ಪುಟದಲ್ಲಿ ಕಾಣಲ್ಲ, ರಕ್ತದಲ್ಲಿ ಇರುತ್ತೆ.

ಡೋಸೇಜ್ ಪ್ರಿಯ
ತಾಯಿ ತಾಯಿ ಅಂತ ಕೂತ್ರೆ ಯಾವ ದೂರದ ಓಟ ಒಗ್ಗುತ್ತೆ ಅಂತ ಗೊತ್ತಾಗಲ್ಲ. ಡೋಸೇಜ್ (ಪೂರ್ವಜ ಸೈರ್‌ಗಳಿಗೆ ಅಂಕ ಕೊಡೋ ಲೆಕ್ಕ) ಹಾಕಿ ನೋಡಿ. ಪಟ್ಟಿಯಲ್ಲಿರೋ ಶೆಫ್-ದ-ರಾಸ್ (ತಳಿ ಮೇಲೆ ಹೆಚ್ಚು ಪ್ರಭಾವ ಬೀರಿದ) ಸೈರ್‌ಗಳನ್ನ ಮೊದಲ ನಾಲ್ಕು ತಲೆಮಾರಲ್ಲಿ ಗುರುತು ಮಾಡಿ, ಮೊದಲನೇದಕ್ಕೆ 16, ಎರಡನೇದಕ್ಕೆ 8, ಮೂರನೇದಕ್ಕೆ 4, ನಾಲ್ಕನೇದಕ್ಕೆ 2 ಅಂಕ. ಬ್ರಿಲಿಯಂಟ್, ಇಂಟರ್ಮೀಡಿಯೆಟ್, ಕ್ಲಾಸಿಕ್, ಸಾಲಿಡ್, ಪ್ರೊಫೆಷನಲ್ ಅಂತ ವೇಗದಿಂದ ದಮ್ಮಿನವರೆಗೆ ಐದು ಖಾನೆ. ಮೊದಲೆರಡು ಖಾನೆಗೆ ಕ್ಲಾಸಿಕ್‌ನ ಅರ್ಧ ಕೂಡಿಸಿ. ಕೊನೇ ಎರಡಕ್ಕೆ ಉಳಿದರ್ಧ ಕೂಡಿಸಿ. ಮೇಲಿನದನ್ನ ಕೆಳಗಿನದರಿಂದ ಭಾಗಿಸಿ. ಅಂಕಿ ಹೆಚ್ಚಾದಷ್ಟು ಕಡಿಮೆ ದೂರದ ವೇಗ, ಕಮ್ಮಿಯಾದಷ್ಟು ದಮ್ಮು.

ಬಾಟಮ್ ಲೈನ್
ಆ ಲೆಕ್ಕದಲ್ಲಿ ಹೆಣ್ಣು ಕುದುರೆಗೆ ಒಂದಂಕನೂ ಇಲ್ಲ. ಅರ್ಧ ರಕ್ತ ಕೊಟ್ಟೋಳಿಗೆ ಸೊನ್ನೆ ಹಾಕೋ ಲೆಕ್ಕ ಹೇಗೆ ಒಪ್ಕೊಳ್ಳೋದು? ಕೆಂಟಕಿ ಡರ್ಬಿಗೆ 4.00 ದಾಟಬಾರದು ಅಂತ ಹೇಳ್ತಿದ್ರು. 1991ರಲ್ಲಿ ಸ್ಟ್ರೈಕ್ ದ ಗೋಲ್ಡ್ ಅದನ್ನ ದಾಟಿದ್ದೂ ಗೆದ್ದ. ಆಮೇಲೆ ಅವನಪ್ಪ ಅಲಿಡಾರ್‌ನ ಪಟ್ಟಿಗೆ ಸೇರಿಸಿದ್ರು, ಅಂಕಿ ಕೆಳಗಿಳೀತು. ರೇಸ್ ಮುಗಿದ ಮೇಲೆ ತಿದ್ದೋ ಲೆಕ್ಕ ಕೊಳ್ಳೋನಿಗೆ ಉಪಯೋಗ ಇಲ್ಲ.

ಡೋಸೇಜ್ ಪ್ರಿಯ
ಒಂದು ಕುದುರೆ ಹಿಡ್ಕೊಂಡು ಇಡೀ ಪದ್ಧತಿ ತಳ್ಳಿಹಾಕೋದು ನ್ಯಾಯ ಅಲ್ಲ. ಒಂದೊಂದು ಕುದುರೆಗೆ ತಪ್ಪಬಹುದು. ನೂರಾರು ಕುದುರೆ ಗುಂಪಾಗಿ ತಗೊಂಡ್ರೆ ದೂರಕ್ಕೂ ಅಂಕಿಗೂ ನಂಟು ಕಾಣುತ್ತೆ.

ಕೋಲಾರದ ಪಶುವೈದ್ಯೆ
ದೂರದ ಪ್ರಶ್ನೆಗೆ ಈಗ ರಕ್ತ ಪರೀಕ್ಷೆನೇ ಇದೆ. ಮಯೋಸ್ಟಾಟಿನ್ ಜೀನ್ ಬಗ್ಗೆ 2010ರಲ್ಲಿ ಡಬ್ಲಿನ್‌ನ ತಂಡ ಪ್ರಕಟಿಸಿತು. ಆ ಜೀನ್‌ಗೆ ಸಿ, ಟಿ ಅಂತ ಎರಡು ರೂಪ, ಅಪ್ಪ ಅಮ್ಮನಿಂದ ಒಂದೊಂದು ಬರುತ್ತೆ. ಸಿ-ಸಿ ಇದ್ರೆ ಸ್ಪ್ರಿಂಟರ್ (ಕಡಿಮೆ ದೂರದ ಓಟ) ಕಡೆ, ಸಿ-ಟಿ ಮಧ್ಯಮ ದೂರ, ಟಿ-ಟಿ ಉದ್ದ ಓಟ. ಎರಡು ಸಿ-ಸಿ ಸೇರಿಸಿದ್ರೆ ಮರಿ ಸಿ-ಸಿ ಆಗೋದು ಖಚಿತ. ಆದ್ರೆ ಇದು ಯಾವ ದೂರ ಒಗ್ಗುತ್ತೆ ಅಂತ ಹೇಳುತ್ತೆ, ಗೆಲ್ಲುತ್ತಾ ಇಲ್ವಾ ಅಂತ ಹೇಳಲ್ಲ.

ಈಗ ಮುಖ್ಯ ವಿಷಯ. ಇಷ್ಟು ಉತ್ತರ ಬಂದ್ರೂ ಯಾರೂ ಬಣ್ಣ ನೋಡಿಲ್ಲ! ಅಪ್ಪ ಚೆಸ್ಟ್‌ನಟ್, ತಾಯಿ ಚೆಸ್ಟ್‌ನಟ್, ಮಗಳು ಬೇ. ಅದು ಆಗೋದಿಲ್ಲ. ಚೆಸ್ಟ್‌ನಟ್ ಅಂದ್ರೆ ಕಪ್ಪು ಬಣ್ಣ ಕೊಡೋ ಜೀನ್ ಎರಡೂ ಕಡೆಯಿಂದ ಬಂದಿಲ್ಲ ಅಂತ. ಅಂಥ ಎರಡನ್ನ ಸೇರಿಸಿದ್ರೆ ಮರಿಗೆ ಕಪ್ಪು ಕಾಲು, ಕಪ್ಪು ಜೂಲು ಎಲ್ಲಿಂದ ಬರ್ಬೇಕು? ಒಂದೋ ಹಾಳೆಯಲ್ಲಿ ತಂದೆತಾಯಿ ಬಣ್ಣ ತಪ್ಪು, ಇಲ್ಲಾ ಕುದುರೆ ಬಣ್ಣ ತಪ್ಪು, ಇಲ್ಲಾ ಈ ಹಾಳೆ ಈ ಕುದುರೇದಲ್ಲ.

ಲಾಯದ ಹುಡುಗ
ಅಯ್ಯೋ, ಹೌದಲ್ವಾ!

ಶಿರಾ ಗೇಟ್
ಮೇಡಂ, ಕೆಲವು ಚೆಸ್ಟ್‌ನಟ್ ತುಂಬಾ ಗಾಢವಾಗಿ, ಬೇ ತರಾನೇ ಕಾಣ್ತವೆ. ಲಿವರ್ ಚೆಸ್ಟ್‌ನಟ್ ಅಂತಾರೆ. ಮಾರೋರು ಅದನ್ನೇ ಬೇ ಅಂತ ಬರೆದಿರಬಹುದು.

ಕೋಲಾರದ ಪಶುವೈದ್ಯೆ
ಬರೆದಿರಬಹುದು, ಒಪ್ತೀನಿ. ಹಗಲಲ್ಲಿ ನಿಲ್ಲಿಸಿ ಮೊಣಕಾಲಿಂದ ಕೆಳಗೆ ನೋಡಿ. ಬೇ ಆದ್ರೆ ಬಿಳಿ ಸಾಕ್ಸ್ ಇಲ್ಲದ ಕಡೆ ಕಾಲು ಕಪ್ಪು, ಕಿವಿ ಅಂಚು ಕಪ್ಪು, ಬಾಲ ಜೂಲು ಬುಡದಿಂದಲೂ ಕಪ್ಪು. ಲಿವರ್ ಚೆಸ್ಟ್‌ನಟ್ ಎಷ್ಟೇ ಗಾಢ ಇದ್ರೂ ಕಾಲಲ್ಲಿ ನಿಜವಾದ ಕಪ್ಪು ಕೂದಲು ಇರಲ್ಲ, ಮೈ ಬಣ್ಣವೇ ಕೆಳಗಿನವರೆಗೂ ಇಳಿದಿರುತ್ತೆ.

ಗ್ರೇಗೂ ಹೀಗೇ ಒಂದು ನಿಯಮ: ಮರಿ ಗ್ರೇ ಆಗ್ಬೇಕಾದ್ರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದ್ರೂ ಗ್ರೇ ಇರಲೇಬೇಕು. ಗ್ರೇ ಮರಿ ಹುಟ್ಟುವಾಗ ಬಣ್ಣದ್ದೇ ಆಗಿರುತ್ತೆ, ವರ್ಷ ಕಳೆದ ಹಾಗೆ ಬಿಳಿಯಾಗುತ್ತೆ.

ಎಡೆಯೂರು ರಸ್ತೆ
ವಿಡಿಯೋದಲ್ಲಿ ಕಾಲು ಜೂಲು ಎರಡೂ ಕಪ್ಪೇ. ಹಾಗಾದ್ರೆ ಬಿಡೋದಾ?

ಕೋಲಾರದ ಪಶುವೈದ್ಯೆ
ಬಿಡೋ ಮುಂಚೆ ಪಾಸ್‌ಪೋರ್ಟ್ ಕೇಳಿ. ನೋಂದಾಯಿತ ಥರೋಬ್ರೆಡ್ ಆದ್ರೆ ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದ (ಥರೋಬ್ರೆಡ್ ವಂಶದಾಖಲೆ, ಅಂದ್ರೆ ಸ್ಟಡ್ ಬುಕ್ ಇಡೋ ಸಂಸ್ಥೆ) ದಾಖಲೆ ಇರಲೇಬೇಕು. ಟೈಪ್ ಮಾಡಿದ ಹಾಳೆ ಯಾವ ಲೆಕ್ಕಕ್ಕೂ ಇಲ್ಲ. ಪಾಸ್‌ಪೋರ್ಟಲ್ಲಿ ಕುದುರೆಯ ರೇಖಾಚಿತ್ರ ಇರುತ್ತೆ: ಬಿಳಿ ಗುರುತುಗಳು ಕೆಂಪು ಗೆರೆಯಲ್ಲಿ, ಸುಳಿಗಳು ‘×’ ಗುರುತಲ್ಲಿ. ಹಣೆ, ಕುತ್ತಿಗೆಯ ಎರಡೂ ಬದಿ, ಎದೆ ಇವುಗಳ ಸುಳಿ ಒಂದೊಂದಾಗಿ ತಾಳೆ ನೋಡಿ. ಆಮೇಲೆ ಸ್ಕ್ಯಾನರ್ ಇರೋ ಡಾಕ್ಟರನ್ನ ಕರ್ಕೊಂಡು ಹೋಗಿ ಕುತ್ತಿಗೆಯ ಎಡಗಡೆ, ಜೂಲಿನ ಕೆಳಗೆ ಮೈಕ್ರೋಚಿಪ್ ಓದಿಸಿ. 15 ಅಂಕಿ ಬರುತ್ತೆ, ಪಾಸ್‌ಪೋರ್ಟಿನ ಸಂಖ್ಯೆ ಜೊತೆ ಒಂದಂಕಿಯೂ ಬಿಡದೆ ಹೋಲಿಸಿ. ಎಡಗಡೆ ಸಿಗದಿದ್ರೆ ಬಲಗಡೆಯೂ ಓದಿಸಿ.

ಚಿಪ್ಪು, ಸುಳಿ ಎರಡೂ ಹೊಂದಿ, ಪಾಸ್‌ಪೋರ್ಟಲ್ಲಿ ತಾಯಿ ಬೇ ಅಂತಿದ್ರೆ ಟೈಪ್ ಮಾಡಿದವರದ್ದು ಕೈತಪ್ಪು, ಅಷ್ಟೆ.

ಗೌರಿಬಿದನೂರು ಓದುಗ
ಸುಳಿ ಅಂದಾಗ ನೆನಪಾಯ್ತು. ನಮ್ಮ ಕಡೆ ಸುಳಿ ನೋಡಿ ಶುಭ ಅಶುಭ ಹೇಳೋರು ಇನ್ನೂ ಇದಾರೆ, ಸುಳಿ ಸರಿ ಇಲ್ಲ ಅಂತ ಬೆಲೆ ಇಳಿಸ್ತಾರೆ.

ಬಾಟಮ್ ಲೈನ್
ಸುಳಿಯಿಂದ ಓಟ ಗೊತ್ತಾಗಲ್ಲ. ಆದ್ರೆ ಸುಳಿ ಜೀವನಪೂರ್ತಿ ಜಾಗ ಬದಲಿಸಲ್ಲ, ಅದಕ್ಕೇ ಗುರುತಿಗೆ ಅಷ್ಟು ಬೆಲೆ.

ಮೈಕ್ರೋಚಿಪ್ ಇಲ್ಲದ ಕಾಲದಲ್ಲಿ ಎಂಥ ಗೊಂದಲ ಆಗ್ತಿತ್ತು ಅನ್ನೋದಕ್ಕೆ ಬೆಂಡ್ ಓರ್ ಸಾಕ್ಷಿ. 1880ರ ಎಪ್ಸಮ್ ಡರ್ಬಿ ಗೆದ್ದ ಕುದುರೆ. ಎರಡನೇ ಬಂದ ರಾಬರ್ಟ್ ದ ಡೆವಿಲ್ ಕಡೆಯವರು ‘ಇದು ಬೆಂಡ್ ಓರ್ ಅಲ್ಲ, ಟ್ಯಾಡ್‌ಕ್ಯಾಸ್ಟರ್, ಮರಿ ಇದ್ದಾಗಲೇ ಅದಲು ಬದಲಾಗಿದೆ’ ಅಂತ ತಕರಾರು ಹಾಕಿದ್ರು. ತಳ್ಳಿಹಾಕಿದ್ರು. ನೂರು ವರ್ಷಕ್ಕೂ ಹೆಚ್ಚು ಕಾಲ ಆದ್ಮೇಲೆ ಲಂಡನ್ನಿನ ಮ್ಯೂಸಿಯಂನಲ್ಲಿದ್ದ ಅವನ ಅಸ್ಥಿಯಿಂದ ತಾಯಿಗೆರೆಯ ಡಿಎನ್‌ಎ ತೆಗೆದು ನೋಡಿದ್ರೆ, ಟ್ಯಾಡ್‌ಕ್ಯಾಸ್ಟರ್ ತಾಯಿ ಕಡೆಯವರಿಗೆ ಹೊಂದಿತು. ಇಬ್ಬರಿಗೂ ಅಪ್ಪ ಡಾಂಕಾಸ್ಟರ್ ಒಬ್ಬನೇ, ಹಾಗಾಗಿ ಗಂಡುಗೆರೆ ಕೆಡಲಿಲ್ಲ. ಆದ್ರೆ ಫಲಾರಿಸ್, ನೆಯಾರ್ಕೋ ಮೂಲಕ ನಾರ್ದರ್ನ್ ಡ್ಯಾನ್ಸರ್‌ವರೆಗೆ ಬರೋದು ಈ ಬೆಂಡ್ ಓರ್ ಗೆರೆಯೇ. ಅಷ್ಟೂ ಪುಟಗಳಲ್ಲಿ ಒಬ್ಬ ತಾಯಿಯ ಹೆಸರು ತಪ್ಪು ಅಂತಾಯ್ತು.

ಶಿರಾ ಗೇಟ್
ಎಷ್ಟು ಕೆದಕಿದ್ರೂ ಎಲ್ಲಾ ಥರೋಬ್ರೆಡ್ಡೂ ಕೊನೆಗೆ ಮೂರು ಕುದುರೆಗೆ ಹೋಗಿ ನಿಲ್ತವೆ ಅಲ್ವಾ? ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈರ್ಲಿ ಟರ್ಕ್.

ಚಿಂತಾಮಣಿ ಲೆಕ್ಕ
ಅಪ್ಪ, ಅಪ್ಪನ ಅಪ್ಪ ಅಂತ ಮೇಲಿನ ಗೆರೆ ಮಾತ್ರ ಹಿಡಿದ್ರೆ ಆ ಮೂರು. ಅದರಲ್ಲೂ ಇವತ್ತು ನೂರಕ್ಕೆ 95ರಷ್ಟು ಡಾರ್ಲಿ ಅರೇಬಿಯನ್ ಗೆರೆ, 1764ರಲ್ಲಿ ಹುಟ್ಟಿದ ಎಕ್ಲಿಪ್ಸ್ ಮೂಲಕ. ಉಳಿದ ರಕ್ತಕ್ಕೆ ಬೇರೆ ಎಷ್ಟೋ ಗಂಡು ಹೆಣ್ಣು ಮೂಲ ಇದ್ದಾವೆ. ಒಟ್ಟು ಜೀನ್ ಲೆಕ್ಕ ಹಾಕಿದ್ರೆ ಡಾರ್ಲಿಗಿಂತ ಗೊಡಾಲ್ಫಿನ್ ಪಾಲೇ ಜಾಸ್ತಿ, ಹೆಚ್ಚುಕಮ್ಮಿ ಎರಡರಷ್ಟು. ಗಂಡುಗೆರೆ ಉಳಿಯೋದು ಬೇರೆ, ರಕ್ತ ಉಳಿಯೋದು ಬೇರೆ.

ಗೌರಿಬಿದನೂರು ಓದುಗ
ಕುಣಿಗಲ್ ಫಾರಮ್ಮಲ್ಲಿ ಟಿಪ್ಪು ಕಾಲದ ರಕ್ತ ಇನ್ನೂ ಇದೆ ಅಂತಾರಲ್ಲ, ಅದು?

ಬಾಟಮ್ ಲೈನ್
ಇಲ್ಲ ಸಾರ್. ಅಲ್ಲಿ ಹೈದರ್ ಟಿಪ್ಪು ಕಾಲದಲ್ಲಿ ಸಾಕ್ತಿದ್ದದ್ದು ದಂಡಿನ ಕುದುರೆ. ಜಾಗ ಹಳೇದು, ರೇಸ್ ಕುದುರೆ ಸಾಕಣೆ ಆಮೇಲಿನದು. ಸ್ಟಡ್ ಬುಕ್‌ಗೆ ಸೇರ್ಬೇಕಾದ್ರೆ ಅಪ್ಪ ಅಮ್ಮ ಇಬ್ಬರೂ ಅದರಲ್ಲಿ ಇರ್ಬೇಕು, ದಂಡಿನ ಕುದುರೆ ರಕ್ತ ನಡುವೆ ಬರೋಕೆ ದಾರಿ ಇಲ್ಲ. ಕಾಠಿಯಾವಾಡಿ, ಮಾರ್ವಾಡಿ ಎಷ್ಟೇ ಚೆನ್ನಾಗಿದ್ರೂ ಹಾಗೇ.

ಮೂಲ ಪ್ರಶ್ನೆಯಲ್ಲಿ ‘ಹಾಫ್ ಸಿಸ್ಟರ್’ ಹಾಗೇ ಉಳಿದಿದೆ. ಆ ಗ್ರೇಡ್ 1 ಗೆದ್ದದ್ದರ ತಾಯಿ ಯಾರು?

ಎಡೆಯೂರು ರಸ್ತೆ
ಕೇಳ್ದೆ ಸಾರ್. ಅದಕ್ಕೂ ಇದಕ್ಕೂ ಅಪ್ಪ ಒಂದೇ, ತಾಯಿ ಬೇರೆ ಅಂದ್ರು.

ಬಾಟಮ್ ಲೈನ್
ಹಾಗಾದ್ರೆ ಅದು ಹಾಫ್ ಸಿಸ್ಟರ್ ಅಲ್ಲ. ರೇಸ್ ಕ್ಯಾಟಲಾಗಿನ ನಿಯಮ: ತಾಯಿ ಒಂದೇ ಆಗಿ ಅಪ್ಪ ಬೇರೆಯಾದ್ರೆ ಮಾತ್ರ ಹಾಫ್. ಅಪ್ಪ ಒಂದೇ ಅಂದ್ರೆ ಏನೂ ಅಲ್ಲ, ಯಾಕಂದ್ರೆ ಒಂದು ಸೈರ್‌ಗೆ ವರ್ಷಕ್ಕೆ ಹತ್ತಾರು ಮರಿ ಹುಟ್ತವೆ, ತಾಯಿಗೆ ಒಂದೇ. ಅಪ್ಪ-ಅಮ್ಮ ಎರಡೂ ಒಂದೇ ಇದ್ರೆ ಓನ್ ಸಿಸ್ಟರ್. ತಾಯಿ ಒಂದೇ, ಒಂದರ ಅಪ್ಪ ಇನ್ನೊಂದರ ಅಪ್ಪನ ಮಗ ಆಗಿದ್ರೆ ಥ್ರೀ-ಪಾರ್ಟ್ಸ್: ಫ್ರಾಂಕಲ್‌ಗೆ ಬುಲೆಟ್ ಟ್ರೈನ್ ಹಾಗೆ, ಅವನು ಅದೇ ಕೈಂಡ್‌ಗೆ ಸ್ಯಾಡ್ಲರ್ಸ್ ವೆಲ್ಸ್‌ನಿಂದ ಹುಟ್ಟಿದವನು. ದಪ್ಪಕ್ಷರದಲ್ಲಿ ಬರೆದಿರೋದು ಬೆಲೆ ಏರಿಸೋಕೆ.

ತಾಯಿ ಬೆಲೆ ಏನು ಅಂತ ತಿಳೀಬೇಕಾದ್ರೆ ಅರ್ಬನ್ ಸೀ ನೋಡಿ. 1993ರ ಆರ್ಕ್ (ಪ್ಯಾರಿಸ್‌ನ ದೊಡ್ಡ ರೇಸ್) ಗೆದ್ದಳು. ಸ್ಯಾಡ್ಲರ್ಸ್ ವೆಲ್ಸ್‌ಗೆ ಗೆಲಿಲಿಯೋ ಹೆತ್ತಳು, ಕೇಪ್ ಕ್ರಾಸ್‌ಗೆ ಸೀ ದ ಸ್ಟಾರ್ಸ್ ಹೆತ್ತಳು. ಅಪ್ಪಂದಿರು ಬೇರೆ, ಇಬ್ಬರೂ ಎಪ್ಸಮ್ ಡರ್ಬಿ ಗೆದ್ರು. ಅವಳ ತಾಯಿ ಅಲ್ಲೆಗ್ರೆಟ್ಟಾಗೆ ಹುಟ್ಟಿದ ಕಿಂಗ್ಸ್ ಬೆಸ್ಟ್ 2000ನೇ ಇಸವಿಯ ಟೂ ಥೌಸಂಡ್ ಗಿನೀಸ್ ಗೆದ್ದ.

ಈ ಕುದುರೆಗೆ ಕೇಳ್ಬೇಕಾದದ್ದು: ತಾಯಿ ಎಷ್ಟು ಮರಿ ಹಾಕಿದೆ, ಎಷ್ಟು ಓಡಿದವು, ಎಷ್ಟು ಗೆದ್ದವು, ಯಾವ ದರ್ಜೆಯಲ್ಲಿ? ಏಳು ಮರಿಯಲ್ಲಿ ಮೂರೇ ಓಡಿದ್ರೆ ಕಾಲಿನ ತೊಂದರೆ ವಂಶದಲ್ಲೇ ಇದೆಯಾ ಅಂತ ಅನುಮಾನ ಪಡಿ. ಆಮೇಲೆ ಅಜ್ಜಿ. ಮುತ್ತಜ್ಜಿವರೆಗೆ ಹೋದ್ರೆ ಸಾಕು. ಕ್ಯಾಟಲಾಗಲ್ಲಿ ದಪ್ಪ ದೊಡ್ಡಕ್ಷರ ಇದ್ರೆ ಬ್ಲ್ಯಾಕ್ ಟೈಪ್ (ಲಿಸ್ಟೆಡ್ ಅಥವಾ ಅದಕ್ಕೂ ಮೇಲಿನ) ರೇಸ್ ಗೆದ್ದದ್ದು, ದಪ್ಪ ಸಣ್ಣಕ್ಷರ ಇದ್ರೆ ಅದರಲ್ಲಿ ಎರಡನೇ ಮೂರನೇ ಬಂದದ್ದು. ಆ ದಪ್ಪಕ್ಷರ ಎಲ್ಲಾ ಮೂರನೇ ತಾಯಿ ಕೆಳಗೇ ತುಂಬಿ, ಮೊದಲನೇ ತಾಯಿ ಕೆಳಗೆ ಖಾಲಿ ಇದ್ರೆ ಆ ಪುಟ ಸೊರಗಿದೆ ಅಂತ ಅರ್ಥ.

ಡೋಸೇಜ್ ಪ್ರಿಯ
ಇದನ್ನ ಒಪ್ತೀನಿ. ಆದ್ರೆ ಓನ್ ಸಿಸ್ಟರ್ ಆದ್ರೂ ಖಾತ್ರಿ ಇಲ್ಲ. ಒಂದೇ ಅಪ್ಪ ಅಮ್ಮನ ಮರಿಗಳು ಸರಾಸರಿ ಅರ್ಧ ಜೀನ್ ಮಾತ್ರ ಹಂಚ್ಕೊಳ್ಳೋದು.

ಚಿಂತಾಮಣಿ ಲೆಕ್ಕ
ಮುಂದಿನ ಸೈರ್ ಬಗ್ಗೆ: ಈ ಕುದುರೇನ ಗೆಲಿಲಿಯೋನ ಇನ್ನೊಬ್ಬ ಮಗನಿಗೆ ಕೊಟ್ರೆ ಮರಿ ಗೆಲಿಲಿಯೋಗೆ 2×3, ಶೇ 6.25. ನನ್ನ ಪ್ರಕಾರ ಬೇಡ. ಗೆಲಿಲಿಯೋ ಮೊಮ್ಮಗನಾದ್ರೆ 3×3, ಸೈರ್ ನಿಜವಾಗಿ ಉತ್ತಮನಾಗಿದ್ರೆ ಯೋಚಿಸಬಹುದು. ಮಿಸ್ಟರ್ ಪ್ರಾಸ್ಪೆಕ್ಟರ್ ಗಂಡುಗೆರೆ ಕಡೆ ಹೋಗೋದು ಹಗುರ ದಾರಿ. ಅರ್ಬನ್ ಸೀ ಅಪ್ಪ ಮಿಸ್ವಾಕಿ ಮಿಸ್ಟರ್ ಪ್ರಾಸ್ಪೆಕ್ಟರ್ ಮಗನೇ, ಆದ್ರೆ ಈ ಕುದುರೆಗೆ ಮಿಸ್ಟರ್ ಪ್ರಾಸ್ಪೆಕ್ಟರ್ ಐದನೇ ತಲೆಮಾರು, ಅಷ್ಟು ದೂರ ತೊಂದರೆ ಇಲ್ಲ.

ಕೋಲಾರದ ಪಶುವೈದ್ಯೆ
ರಕ್ತಕ್ಕಿಂತ ಮೊದಲು ಮೈ ನೋಡಿ. ಮುಂಗಾಲು ಎದುರಿಂದ ನೇರ ಇದೆಯಾ, ಮೊಣಕಾಲು ಹಿಂದಕ್ಕೆ ಬಾಗಿದೆಯಾ, ಗೊರಸು ಎರಡೂ ಒಂದೇ ಅಳತೆ ಇದೆಯಾ? ಗಂಡಿಗೂ ಅದೇ ಕುಂದು ಇದ್ರೆ ಆ ಜೋಡಿ ಬಿಡಿ. ಗರ್ಭಕೋಶ ಸ್ಕ್ಯಾನ್, ಸೋಂಕು ನೋಡೋ ಸ್ವಾಬ್ ಪರೀಕ್ಷೆ ಕೊಳ್ಳೋ ಮುಂಚೆ ಮಾಡಿಸಿ. ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ನಿಷಿದ್ಧ, ಗಂಡು ಹಾರಿದ ಮರಿಗೆ ಮಾತ್ರ ನೋಂದಣಿ. ಅದಕ್ಕೆ ಸೈರ್ ಇಟ್ಟವರಿಂದ ಕವರಿಂಗ್ ಸರ್ಟಿಫಿಕೇಟ್ (ಗಂಡು ಹಾರಿದ ದಾಖಲೆ) ತಪ್ಪದೆ ಇಸ್ಕೊಳ್ಳಿ. ಮರಿ ಹುಟ್ಟಿದ ಮೇಲೆ ಡಿಎನ್‌ಎಗೆ ಜೂಲಿನ ಕೂದಲು ಬುಡ ಸಮೇತ ಕಿತ್ತು ಕಳಿಸ್ಬೇಕು. ಕತ್ತರಿಸಿದ ಕೂದಲಲ್ಲಿ ಬೇರು ಇರಲ್ಲ, ಪರೀಕ್ಷೆಗೆ ಬರಲ್ಲ.

ಶಿರಾ ಗೇಟ್
ಮೇವು ಸುಲಭ, ನಮ್ಮಲ್ಲಿ ಹುರುಳಿ ಬೂಸಾಗೆ ಬರ ಇಲ್ಲ.

ಕೋಲಾರದ ಪಶುವೈದ್ಯೆ
ಹುರುಳಿ ರಾತ್ರಿ ನೆನೆಸಿ ಬೇಯಿಸಿಯೇ ಕೊಡಿ, ಹಸಿ ಹುರುಳಿಯಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯೋ ಅಂಶ ಇದೆ. ಬೂಸಾ ವಿಷಯದಲ್ಲಿ ಹುಷಾರು. 1 ಕೆಜಿ ಗೋಧಿ ಬೂಸಾದಲ್ಲಿ ರಂಜಕ ಸುಮಾರು 10 ಗ್ರಾಂ, ಕ್ಯಾಲ್ಸಿಯಂ 1.5 ಗ್ರಾಂಗಿಂತ ಕಮ್ಮಿ. ಕುದುರೆಗೆ ಬೇಕಾದದ್ದು ಅದರ ತಿರುಗು: ಒಂದು ಪಾಲು ರಂಜಕಕ್ಕೆ ಒಂದೂವರೆ ಪಾಲು ಕ್ಯಾಲ್ಸಿಯಂ. ಬರೀ ಬೂಸಾ ತಿಂದ್ರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ, ಮುಖದ ಮೂಳೆ ಊದುತ್ತೆ, ಕುಂಟುತ್ತೆ. 1 ಕೆಜಿ ಬೂಸಾಗೆ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ 35 ಗ್ರಾಂ ಬೆರೆಸಿ, ಇಲ್ಲಾ ಒಣಗಿಸಿದ ಕುದುರೆ ಮೆಂತೆ 1 ಕೆಜಿಗಿಂತ ಜಾಸ್ತಿ ಕೊಡಿ.

ಲಾಯದ ಹುಡುಗ
ಮೇಡಂ, ಗಬ್ಬ ನಿಂತಿದೆಯಾ ಅಂತ ಯಾವಾಗ ನೋಡ್ಬೇಕು? ತಿಂಗಳಾದ್ಮೇಲೆ ಸಾಕಾ?

ಕೋಲಾರದ ಪಶುವೈದ್ಯೆ
ತಿಂಗಳು ಕಾಯ್ಬೇಡಿ. ಅಂಡ ಬಿಟ್ಟ 14ನೇ ದಿನ ಸ್ಕ್ಯಾನ್ ಮಾಡಿಸಿ, ಮುಖ್ಯವಾಗಿ ಅವಳಿ ಇದೆಯಾ ನೋಡೋಕೆ. ಥರೋಬ್ರೆಡ್‌ನಲ್ಲಿ ಎರಡು ಅಂಡ ಒಟ್ಟಿಗೆ ಬಿಡೋದು ಸಾಮಾನ್ಯ, ಅವಳಿ ನಿಂತ್ರೆ ಬಹುಪಾಲು ಕೊನೇ ತಿಂಗಳುಗಳಲ್ಲಿ ಕಂದು ಹಾಕ್ತವೆ. 16ನೇ ದಿನದವರೆಗೆ ಚೀಲಗಳು ಗರ್ಭಕೋಶದಲ್ಲಿ ಓಡಾಡ್ತಿರ್ತವೆ, ಆಗ ಎರಡನ್ನ ಬೇರ್ಪಡಿಸಿ ಒಂದನ್ನ ಕೈಯಲ್ಲೇ ಹಿಸುಕಬಹುದು. ಒಂದ್ಸಲ ಅಕ್ಕಪಕ್ಕ ಅಂಟಿಕೊಂಡ್ರೆ ಒಂದನ್ನ ಮುಟ್ಟೋಕೆ ಹೋಗಿ ಎರಡೂ ಹೋಗೋ ಅಪಾಯ. 35ನೇ ದಿನದ ಮೇಲೆ ಗಬ್ಬ ಹೋದ್ರೆ ಇನ್ನೂ ಕಷ್ಟ, ಗರ್ಭಕೋಶದಲ್ಲಿ ಆಗ ಹುಟ್ಟೋ ಹಾರ್ಮೋನು ತಿಂಗಳುಗಟ್ಟಲೆ ಬೆದೆಗೆ ಬರೋಕೆ ಬಿಡಲ್ಲ, ಆ ವರ್ಷದ ಸೀಸನ್ ಹೋದ ಹಾಗೇ. 14ನೇ ದಿನ ಒಂದೇ ಚೀಲ ಕಂಡ್ರೂ 16ನೇ ದಿನ ಮತ್ತೊಮ್ಮೆ ನೋಡಿಸಿ, ಒಂದೆರಡು ದಿನ ತಡವಾಗಿ ಬಿಟ್ಟ ಅಂಡದ ಚೀಲ ಮೊದಲ ಸಲ ಕಾಣದೇ ಇರಬಹುದು.